ಕಡಿಮೆ ಪೇಜಿನ ಕ್ಲಾರಿಸ್ಸಾ ತಗೋಬೇಡಿ, ಗೆಳತೀನೇ ಕಟ್ ಆಗಿರ್ತಾಳೆ

ಇದು ಒಂದು ಪುಸ್ತಕದ ರಿವ್ಯೂ ಅಲ್ಲ, ಏಳೆಂಟು ಕಾಪಿಗಳದ್ದು. ಒಂದೂವರೆ ವರ್ಷದಿಂದ ನಂಗೊಂದು ಹುಚ್ಚು ಹಿಡಿದಿದೆ, ಹದಿನೆಂಟನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಣ್ಣು ಹೆಣ್ಣನ್ನ ಪ್ರೀತ್ಸೋದು, ಬಯಸೋದು, ಹೊಟ್ಟೆಕಿಚ್ಚು ಪಡೋದು ಎಲ್ಲೆಲ್ಲಿದೆ ಅಂತ ಹುಡುಕ್ಕೊಂಡು ಓದೋದು. ಅದಕ್ಕೆ ಅಂತ ಪುಸ್ತಕ ತರಿಸಿದೀನಿ, ಇಬುಕ್ ಇಳಿಸ್ಕೊಂಡಿದೀನಿ, ಆಡಿಯೋ ಕೇಳಿದೀನಿ, ಎರಡು ಸಲ ದುಡ್ಡು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೂ ಆಗಿದೆ. ಇದನ್ನೇ ಓದೋಕೆ ಹೊರಟೋರು ಬೇರೆ ಯಾರಾದ್ರೂ ಇದ್ರೆ ಅವರ ದುಡ್ಡಾದ್ರೂ ಉಳೀಲಿ ಅಂತ ಬರೀತಿದೀನಿ.

ಮೊದಲು ತರಿಸಿದ್ದು ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ಕ್ಲಾರಿಸ್ಸಾ, ಸಂಕ್ಷಿಪ್ತ ಆವೃತ್ತಿ. ಪ್ರಕಾಶಕರ ಹೆಸರು ಬೇಡ. ಪೂರ್ತಿ ಪುಸ್ತಕದ ಸೈಜ್ ನೋಡಿ ಹೆದರ್ಕೊಂಡು ಇದನ್ನ ತಗೊಂಡೆ, ಹಿಂದಿನ ಕವರ್ ಮೇಲೆ ಮುಖ್ಯವಾದದ್ದು ಯಾವುದೂ ಬಿಟ್ಟಿಲ್ಲ ಅಂತ ಬೇರೆ ಹಾಕಿದ್ರು. ಓದಿದೆ. ಕಥೆ ಓಡತ್ತೆ, ಸುಳ್ಳು ಹೇಳಲ್ಲ. ಕ್ಲಾರಿಸ್ಸಾ ಮನೆಯವರು ಆಸ್ತಿ ಆಸೆಗೆ ಸೋಲ್ಮ್ಸ್ ಅನ್ನೋ ಅಸಹ್ಯದ ಮನುಷ್ಯನಿಗೆ ಅವಳನ್ನ ಕಟ್ಟೋಕೆ ನೋಡ್ತಾರೆ, ಲವ್ಲೇಸ್ ಅನ್ನೋ ಶೋಕಿಲಾಲ ಮೋಸದಿಂದ ಅವಳನ್ನ ಮನೆಯಿಂದ ಕರ್ಕೊಂಡು ಹೋಗ್ತಾನೆ, ಲಂಡನ್ನಲ್ಲಿ ಒಂದು ಸೂಳೆಮನೇನ ಮರ್ಯಾದಸ್ಥರ ಮನೆ ಅಂತ ನಂಬಿಸಿ ಅಲ್ಲಿಟ್ಟು, ಮದ್ದು ಕುಡಿಸಿ ಅತ್ಯಾಚಾರ ಮಾಡ್ತಾನೆ, ಅವಳು ತಪ್ಪಿಸ್ಕೊಂಡು ಹೋಗಿ ನಿಧಾನಕ್ಕೆ ಸಾಯ್ತಾಳೆ. ಕೊನೇಲಿ ಶವಪೆಟ್ಟಿಗೆ ಹತ್ರ ಒಬ್ಬಳು ಬರ್ತಾಳೆ, ಹೆಣದ ಮುಖಕ್ಕೆ ಮುತ್ತು ಕೊಡ್ತಾಳೆ, ಅವಳ ಎದೆ ಒಡೆದು ಹೋಗೋ ಥರ ನಿಟ್ಟುಸಿರು ಬಿಡ್ತಾಳೆ. ನಂಗೆ ಅಲ್ಲಿ ಗಕ್ಕನೆ ನಿಲ್ಲೋ ಹಾಗಾಯ್ತು. ಯಾರಿವಳು? ಆನಾ ಹೌ. ಸರಿ, ಹೆಸರು ಗೊತ್ತು, ಒಂದಷ್ಟು ಪತ್ರ ಬರೆದಿದ್ಲು, ಬುದ್ಧಿ ಹೇಳಿದ್ಲು. ಆದ್ರೆ ಇಷ್ಟು ದುಃಖ ಎಲ್ಲಿಂದ ಬಂತು, ನಾನು ಓದಿದ ಪುಸ್ತಕದಲ್ಲಿ ಅದಕ್ಕೆ ಬೇರು ಅನ್ನೋದೇ ಇರ್ಲಿಲ್ವಲ್ಲ?

ಆಮೇಲೆ ಪೂರ್ತಿ ಪುಸ್ತಕ ತರಿಸಿ ಪಕ್ಕದಲ್ಲಿ ಇಟ್ಕೊಂಡು ನೋಡಿದ್ರೆ ಗೊತ್ತಾಯ್ತು, ಬೇರು ಇತ್ತು, ಎಡಿಟರ್ ಕಿತ್ತು ಹಾಕಿದಾರೆ. ಕತ್ತರಿ ಹಾಕುವಾಗ ಅವರಿಗೆ ಕಥೆ ಅಂದ್ರೆ ಲವ್ಲೇಸ್ ಏನು ಮಾಡ್ದ ಅನ್ನೋದು ಮಾತ್ರ. ಇಬ್ಬರು ಹುಡುಗೀರು ಒಬ್ಬರಿಗೊಬ್ಬರು ಬರ್ಕೊಳ್ಳೋ ಪತ್ರದಲ್ಲಿ ಏನೂ "ನಡೆಯಲ್ಲ" ಅಲ್ವಾ, ಬರೀ ಪ್ರೀತಿ, ಜಗಳ, ತಮಾಷೆ, ಮುನಿಸು, ಅದಕ್ಕೇ ಹಾರಿಸ್ಬಿಟ್ಟಿದಾರೆ. ಅತ್ಯಾಚಾರ ಉಳ್ಕೊಂಡಿದೆ, ಸ್ನೇಹ ಹೋಗಿದೆ. ನನ್ನ ದೂರು ಇದೇ, ಈ ರಿವ್ಯೂ ಅರ್ಧ ಬರೀತಿರೋದೂ ಇದಕ್ಕೇನೇ. ಆ ಕಾಲದ ಕಾದಂಬರಿಗಳಲ್ಲಿ ಹೆಂಗಸರ ನಡುವಿನ ಪ್ರೀತಿ ಯಾವುದೋ ಗುಟ್ಟಿನ ಮೂಲೇಲಿ ಅಡಗಿಲ್ಲ, ರಾಜಾರೋಷವಾಗಿ ಪೇಜಿನ ಮೇಲೇ ಇದೆ. ಆದ್ರೆ ಅದು ಇರೋದು ಉದ್ದದಲ್ಲಿ, ಕಥೆಗೆ ಬೇಕಿಲ್ಲ ಅನ್ಸೋ ಜಾಗದಲ್ಲಿ. ಉದ್ದ ಕಡಿಮೆ ಮಾಡಿದ್ರೆ ಮೊದಲು ಬೀಳೋದು ಅದೇ. ಈ ಕಾಪಿಗೆ 1 ಸ್ಟಾರ್, ಅದೂ ಅಕ್ಷರ ದಪ್ಪ ಇತ್ತು ಅಂತ.

ಈಗ ಪೂರ್ತಿ ಕ್ಲಾರಿಸ್ಸಾ. ನಾನು ತಗೊಂಡಿದ್ದು ಪೆಂಗ್ವಿನ್ ಕ್ಲಾಸಿಕ್ಸ್‌ನದ್ದು, ಆಂಗಸ್ ರಾಸ್ ಸಂಪಾದಿಸಿ 1985ರಲ್ಲಿ ಬಂದದ್ದು. 1747-48ರಲ್ಲಿ ಏಳು ಸಂಪುಟವಾಗಿ ಬಂದ ಮೊದಲ ಮುದ್ರಣದ ಪಠ್ಯ, 537 ಪತ್ರಗಳು, ಸಾವಿರದ ಐನೂರಕ್ಕೂ ಹೆಚ್ಚು ಪೇಜು, ಎಲ್ಲ ಒಂದೇ ಪುಸ್ತಕದಲ್ಲಿ. ಮಲ್ಕೊಂಡು ಓದೋ ಆಸೆ ಬಿಟ್ಬಿಡಿ, ನಿದ್ದೆ ಬಂದು ಕೈಜಾರಿದ್ರೆ ಮೂಗು ಹೋಗತ್ತೆ. ಅಕ್ಷರ ಸಣ್ಣದು, ಕನ್ನಡಕ ಇದ್ರೂ ರಾತ್ರಿ ಹೊತ್ತು ಕಷ್ಟ. ಬೈಂಡಿಂಗ್ ಪರವಾಗಿಲ್ಲ, ನನ್ನದು ನಡುವೆ ಒಂದು ಗೆರೆ ಬಿದ್ದಿದೆ ಆದ್ರೆ ಹಾಳೆ ಕಿತ್ತು ಬಂದಿಲ್ಲ.

ಆದ್ರೆ ಒಳಗಿರೋದು ನೋಡಿ. ಶುರುವಿಗೇ ಕ್ಲಾರಿಸ್ಸಾ ಮನೆಯವರು ಆನಾಗೆ ಪತ್ರ ಬರೆಯಬಾರ್ದು ಅಂತ ತಾಕೀತು ಮಾಡ್ತಾರೆ, ಆಮೇಲೆ ಆನಾಳ ಅಮ್ಮನೂ ಅದೇ ರಾಗ. ಇಬ್ಬರೂ ಕದ್ದು ಬರೀತಾರೆ, ಸಿಕ್ಕಿಬಿದ್ರೆ ಏನು ಗತಿ ಅಂತ ಗೊತ್ತಿದ್ದೂ ಬರೀತಾರೆ. ಆನಾಗೆ ಒಬ್ಬ ಗಂಡು ಗೊತ್ತಾಗಿದಾನೆ, ಹಿಕ್ಮನ್ ಅಂತ, ಒಳ್ಳೆಯವನು, ಪಾಪದವನು, ಅವಳು ಅವನನ್ನ ಗೋಳು ಹೊಯ್ಕೊಳ್ಳೋ ರೀತಿ ನೋಡಿದ್ರೆ ನಂಗೇ ಅಯ್ಯೋ ಅನ್ಸತ್ತೆ, ಮದುವೆ ಮಾತ್ರ ಮುಂದಕ್ಕೆ ಹಾಕ್ತಾನೇ ಹೋಗ್ತಾಳೆ. ಒಂದು ಪತ್ರದಲ್ಲಿ ನೀನು ನಾನು ಇಬ್ಬರೇ ಒಟ್ಟಿಗೆ ಇದ್ಬಿಟ್ರೆ ಎಷ್ಟು ಚೆನ್ನಾಗಿರತ್ತೆ, ಈ ಗಂಡಸರನ್ನೆಲ್ಲ ಕ್ಯಾರೇ ಅನ್ನದೆ ಇರಬಹುದು ಅನ್ನೋ ಮಾತು ಬರತ್ತೆ. ಯಾವ ಸಂಕೇತವೂ ಇಲ್ಲ, ಯಾವ ಗುಟ್ಟೂ ಇಲ್ಲ, ಬಾಯಿಬಿಟ್ಟು ಹೇಳ್ತಾಳೆ. ಕ್ಲಾರಿಸ್ಸಾ ಅದಕ್ಕೆ ಹ್ಞೂಂ ಅನ್ನಲ್ಲ, ಬದಲಿಗೆ ಹಿಕ್ಮನ್‌ನ ಒಪ್ಕೋ ಅಂತ ಪೀಡಿಸ್ತಾಳೆ, ಸಾಯೋವರೆಗೂ ಅದೇ. ಇಲ್ಲಿ ಯಾರು ಯಾರನ್ನ ಹೆಚ್ಚು ಪ್ರೀತಿಸ್ತಿದ್ರು ಅಂತ ನಂಗೊಂದು ಅಭಿಪ್ರಾಯ ಇತ್ತು, ಆನಾನೇ ಅಂತ. ಆಮೇಲೆ ವಿಲ್ ಬಂತು. ಕ್ಲಾರಿಸ್ಸಾ ತನ್ನ ವಿಲ್‌ನಲ್ಲಿ ಹಿಕ್ಮನ್‌ಗೆ ಒಂದು ಲಾಕೆಟ್ ಬಿಟ್ಟು ಹೋಗ್ತಾಳೆ, ಅದರೊಳಗೆ ಆನಾಳ ಪುಟ್ಟ ಚಿತ್ರ, ಅದನ್ನ ತಾನು ಯಾವಾಗಲೂ ಎದೆಗೆ ಹಾಕ್ಕೊಂಡಿದ್ದೆ, ಕೊನೇ ಗಳಿಗೆವರೆಗೂ ಹಾಕ್ಕೊಂಡಿರ್ತೀನಿ ಅಂತ ಬರೆದಿರ್ತಾಳೆ. ಎದೆ ಮೇಲಿದ್ದ ಗೆಳತಿಯ ಚಿತ್ರವನ್ನ ಬಿಚ್ಚಿ ಆ ಗೆಳತಿಯ ಗಂಡನಾಗೋನ ಕೈಗೆ ಕೊಡೋದು! ಇದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟು ಒಂದು ರೌಂಡ್ ವಾಕಿಂಗ್ ಹೋಗಿ ಬಂದೆ. ಸಂಕ್ಷಿಪ್ತದಲ್ಲಿ ವಿಲ್ ಒಂದು ಪ್ಯಾರಾ, ಲಾಕೆಟ್ ಇಲ್ಲವೇ ಇಲ್ಲ.

ಲವ್ಲೇಸ್‌ಗೆ ಇದೆಲ್ಲ ನಮಗಿಂತ ಮೊದಲೇ ಗೊತ್ತಾಗಿರತ್ತೆ. ಅವನ ದೊಡ್ಡ ವೈರಿ ಅಪ್ಪನೂ ಅಲ್ಲ ಅಣ್ಣನೂ ಅಲ್ಲ, ಆನಾ. ಅವರಿಬ್ಬರ ಪತ್ರ ನಡೀತಿರೋವರೆಗೂ ಕ್ಲಾರಿಸ್ಸಾ ಪೂರ್ತಿ ಅವನ ಕೈಗೆ ಸಿಗಲ್ಲ ಅಂತ ಗೊತ್ತಾಗಿ ಪತ್ರ ಕದೀತಾನೆ, ಆನಾ ಅಕ್ಷರಾನೇ ನಕಲು ಮಾಡಿ ಸುಳ್ಳು ಪತ್ರ ಕಳಿಸ್ತಾನೆ. ಕಾದಂಬರೀಲಿ ಎಷ್ಟೋ ಹೊಟ್ಟೆಕಿಚ್ಚಿನ ಗಂಡಸರನ್ನ ನೋಡಿದೀನಿ, ಹೀಗೆ ಒಬ್ಬ ಹುಡುಗಿ ಬರೆಯೋ ಕಾಗದದ ಮೇಲೆ ಹೊಟ್ಟೆಕಿಚ್ಚು ಪಡೋನು ಇವನೊಬ್ನೇ.

ಇನ್ನು ನೋಟ್ಸ್. ಈ ಥರ ಪುಸ್ತಕಕ್ಕೆ ನೋಟ್ಸ್ ಇಲ್ದೇ ಇದ್ರೆ ಅರ್ಧ ಹೋದ ಹಾಗೆ. ಉದಾಹರಣೆಗೆ ಕ್ಲಾರಿಸ್ಸಾ "ನನ್ನ ಫ್ರೆಂಡ್ಸ್" "ನನ್ನ ಫ್ರೆಂಡ್ಸ್" ಅಂತ ಹೇಳ್ತಾನೇ ಇರ್ತಾಳೆ, ನಾನು ಯಾವ ಫ್ರೆಂಡ್ಸಪ್ಪಾ ಇವಳಿಗೆ ಇರೋಳು ಒಬ್ಬಳೇ ಅಲ್ವಾ ಅಂತ ತಲೆ ಕೆರ್ಕೊಂಡೆ. ಆ ಕಾಲದಲ್ಲಿ ಫ್ರೆಂಡ್ಸ್ ಅಂದ್ರೆ ಅಪ್ಪ ಅಮ್ಮ ಚಿಕ್ಕಪ್ಪ ಎಲ್ಲ ಸೇರಿ ನಮ್ಮ ಕಡೆಯವರು ಅನ್ನೋ ಅರ್ಥ. ಅಂದ್ರೆ ಆನಾ ಬಗ್ಗೆ ಬಳಸೋ ಫ್ರೆಂಡ್ ಅನ್ನೋ ಪದ ನಮ್ಮ ಈಗಿನ ಫ್ರೆಂಡ್ ಥರ ಹಗುರ ಅಲ್ಲ, ರಕ್ತಸಂಬಂಧದ ತೂಕ ಇರೋ ಪದ. ನಮ್ಮ ಸ್ನೇಹ ಅನ್ನೋ ಪದಾನೂ ಹಾಗೇ ನೋಡಿ, ಹಳೇ ಅರ್ಥದಲ್ಲಿ ಎಣ್ಣೆ, ಜಿಡ್ಡು, ಕೈಗೆ ಅಂಟಿದ್ರೆ ಸುಲಭಕ್ಕೆ ಹೋಗಲ್ಲ. ಫ್ರೆಂಡ್‌ಶಿಪ್ ಅಷ್ಟೇ ಬಿಡಿ ಅದರಲ್ಲೇನಿದೆ ಅಂತ ಮೂಗು ಮುರಿಯೋರಿಗೆ ಹೇಳೋದು ಇಷ್ಟೇ, ಅಷ್ಟೇ ಅಲ್ಲ. 4.5 ಸ್ಟಾರ್, ಅರ್ಧ ಕಟ್ ಮಾಡಿದ್ದು ಮೂಗಿಗೆ.

ದುಡ್ಡು ಕೊಡೋಕೆ ಇಷ್ಟ ಇಲ್ದೋರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇದೇ ಕಾದಂಬರಿ ಒಂಬತ್ತು ಭಾಗವಾಗಿ ಫ್ರೀ ಸಿಗತ್ತೆ. ಫೋನಲ್ಲೇ ಓದಬಹುದು, ಹುಡುಕೋದು ಸುಲಭ, ನಾನು ಪುಸ್ತಕ ಮುಗಿಸಿದ ಮೇಲೆ ಆನಾ ಎಲ್ಲೆಲ್ಲಿ ಏನೇನು ಅಂದಿದ್ಲು ಅಂತ ಹುಡುಕೋಕೆ ಅದನ್ನೇ ಬಳಸ್ತೀನಿ. ನೋಟ್ಸ್ ಇಲ್ಲ ಅನ್ನೋದೊಂದೇ ಕೊರತೆ.

ರಿಚರ್ಡ್‌ಸನ್ ಬಗ್ಗೆ ಇನ್ನೆರಡು ಮಾತು ಹೇಳ್ಬಿಟ್ಟು ಮುಂದೆ ಹೋಗ್ತೀನಿ, ಯಾಕಂದ್ರೆ ಅವನ ಮಿಕ್ಕೆರಡು ಪುಸ್ತಕ ಇದಕ್ಕೋಸ್ಕರ ತಗೊಳ್ಳೋ ಅಗತ್ಯ ಇಲ್ಲ. 1740ರ ಪಮೇಲಾದಲ್ಲಿ ಮಿಸೆಸ್ ಜ್ಯೂಕ್ಸ್ ಅನ್ನೋ ಮನೆವಾರ್ತೆ ಹೆಂಗಸು ಪಮೇಲಾಗೆ ಮುತ್ತು ಕೊಡೋಕೆ ಬರ್ತಾಳೆ, ಪಮೇಲಾ ಇದು ಒಂದೇ ಲಿಂಗದ ಇಬ್ಬರ ನಡುವಿನ ನಡವಳಿಕೆ ಥರ ಇಲ್ಲ ಅಂತ ದೂರ ಸರೀತಾಳೆ. 1753-54ರ ಸರ್ ಚಾರ್ಲ್ಸ್ ಗ್ರಾಂಡಿಸನ್‌ನಲ್ಲಿ ಮಿಸ್ ಬಾರ್ನೆವೆಲ್ಟ್ ಅಂತ ಗಂಡುಬೀರಿ ಪಾತ್ರ ಬರತ್ತೆ, ಹೆಣ್ಣಾಗಿ ಹುಟ್ಟಿದ್ದಕ್ಕೆ ಅವಳಿಗಿರೋ ಒಂದೇ ಸಮಾಧಾನ ಹೆಣ್ಣನ್ನ ಮದುವೆ ಆಗೋ ಕರ್ಮ ತಪ್ತಲ್ಲ ಅನ್ನೋದಂತೆ. ಎಲ್ಲರೂ ನಗ್ತಾರೆ. ಗಮನಿಸಿ, ಒಂದೇ ಲೇಖಕ. ಮುತ್ತು ಕೊಟ್ಟೋಳು ಒಡೆಯನ ಕೆಲಸದೋಳಾದ್ರೆ ಅಸಹ್ಯ, ಗಂಡಸಿನ ಥರ ಇದ್ರೆ ಜೋಕು, ಆನಾ ಹೌ ಥರ ದೊಡ್ಡ ಮನೆ ಹುಡುಗಿಯಾದ್ರೆ ಕಣ್ಣೀರು ತರಿಸೋ ಪವಿತ್ರ ಪ್ರೀತಿ. ಮುತ್ತು ಅದೇ, ಕೊಡೋ ಬಾಯಿ ಬೇರೆ ಅಷ್ಟೆ.

ಆ ಬಾಯಿ ಬಡವರದ್ದಾಗಿದ್ರೆ ಏನಾಗ್ತಿತ್ತು ಅಂತ ನೋಡ್ಬೇಕಾದ್ರೆ ಹೆನ್ರಿ ಫೀಲ್ಡಿಂಗ್ 1746ರಲ್ಲಿ ಬರೆದ ದಿ ಫೀಮೇಲ್ ಹಸ್ಬೆಂಡ್ ಅನ್ನೋ ಪುಟ್ಟ ಪುಸ್ತಕ ಇದೆ. ಸಾಮರ್ಸೆಟ್‌ನಲ್ಲಿ ಮೇರಿ ಹ್ಯಾಮಿಲ್ಟನ್ ಅನ್ನೋಳು ಗಂಡಸಿನ ವೇಷದಲ್ಲಿ ಮೇರಿ ಪ್ರೈಸ್ ಅನ್ನೋಳನ್ನ ಮದುವೆ ಆಗಿದ್ಲು, ಅದು ನಿಜವಾದ ಕೇಸು, ಫೀಲ್ಡಿಂಗ್ ಅದಕ್ಕೆ ತನ್ನ ಕಡೆಯಿಂದ ಬೇಕಾದಷ್ಟು ಕಟ್ಟುಕಥೆ ಸೇರಿಸಿ ಮಾರಿದ. ಇಂಗ್ಲೆಂಡಿನಲ್ಲಿ ಹೆಂಗಸರಿಬ್ಬರ ಸಂಬಂಧ ಅಪರಾಧ ಅನ್ನೋ ಕಾನೂನೇ ಇರ್ಲಿಲ್ಲ, 1533ರಿಂದ ಗಂಡಸರನ್ನ ಗಲ್ಲಿಗೆ ಹಾಕೋಕೆ ಇತ್ತು, ಹೆಂಗಸರಿಗಿಲ್ಲ. ಅದಕ್ಕೆ ಅವಳ ಮೇಲೆ ಅಲೆಮಾರಿಗಳ ಕಾಯ್ದೆ ಹಾಕಿ, ಮೋಸಗಾತಿ ಅಂತ ಆರು ತಿಂಗಳು ಜೈಲು ಮತ್ತೆ ನಾಲ್ಕು ಊರಲ್ಲಿ ಸಾರ್ವಜನಿಕವಾಗಿ ಚಾಟಿ ಏಟು ಕೊಟ್ರು. ಓದಿದ್ರೆ ಒಂದು ಗಂಟೇಲಿ ಮುಗಿಯತ್ತೆ, ಬಾಯಲ್ಲಿ ಕಹಿ ಉಳಿಯತ್ತೆ. ಫ್ರೀ ಸಿಕ್ರೆ ಓದಿ, ದುಡ್ಡು ಕೊಟ್ಟು ಬೇಡ.

ಈಗ ನನ್ನ ಎರಡನೇ ಹುಣಸೆಹಣ್ಣು. ಸಾರಾ ಸ್ಕಾಟ್ 1762ರಲ್ಲಿ ಬರೆದ ಮಿಲೇನಿಯಂ ಹಾಲ್. ಇದರ ಒಂದು ರೀಪ್ರಿಂಟ್ ತರಿಸಿದೆ, ಆರ್ಡರ್ ಬಂದ ಮೇಲೆ ಮಾತ್ರ ಪ್ರಿಂಟ್ ಮಾಡಿ ಕಳಿಸ್ತಾರಲ್ಲ ಆ ಥರದ್ದು. ಕವರ್ ಮೇಲೆ ಕಥೆಗೂ ಅದಕ್ಕೂ ಸಂಬಂಧವೇ ಇಲ್ಲದ ಒಂದು ಸಮುದ್ರದ ಫೋಟೋ. ಒಳಗೆ ಹಳೇ ಪುಸ್ತಕ ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಕೈಲಿ ಅಕ್ಷರ ಓದಿಸಿ, ಯಾವ ಮನುಷ್ಯನೂ ಒಂದ್ಸಲ ಕಣ್ಣಾಡಿಸದೆ ಛಾಪಿಸಿದಾರೆ. ಹದಿನೆಂಟನೇ ಶತಮಾನದ ಮುದ್ರಣದಲ್ಲಿ ಎಸ್ ಅಕ್ಷರ ಪದದ ಮೊದಲಲ್ಲಿ ನಡುವಲ್ಲಿ ಬಂದ್ರೆ ಉದ್ದಕ್ಕೆ ಎಫ್ ಥರ ಕಾಣತ್ತೆ, ಕಂಪ್ಯೂಟರ್ ಅದನ್ನ ಎಫ್ ಅಂತಾನೇ ಓದ್ಕೊಂಡಿದೆ. ಸಿಸ್ಟರ್ ಹೋಗಿ ಫಿಫ್ಟರ್, ಸಾಫ್ಟ್ ಹೋಗಿ ಫಾಫ್ಟ್, ಪ್ಯಾಷನ್ ಹೋಗಿ ಪ್ಯಾಫ್ಫನ್. ಇಬ್ಬರು ಗೆಳತೀರು ಕಣ್ಣೀರಿಟ್ಟು ಬೇರೆಯಾಗೋ ಸೀನಲ್ಲಿ ಇಂಥದ್ದೆಲ್ಲ ಬಂದ್ರೆ ಅಳೋದಾ ನಗೋದಾ. ನಡುವೆ ಎಂಟು ಪೇಜು ಇಲ್ಲ. ವಾಪಸ್ ತಗೊಳ್ಳಿ ಅಂತ ಮೇಲ್ ಹಾಕಿದ್ದಕ್ಕೆ ಇದು ಐತಿಹಾಸಿಕ ಪುಸ್ತಕ, ದೋಷಗಳು ಅದರ ಸೊಗಸಿನ ಭಾಗ ಅಂತ ಉತ್ತರ ಬಂತು. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ. ಸೊನ್ನೆ ಕೊಡೋಕೆ ಆಪ್ಷನ್ ಇಲ್ಲ ಅಂತ 1 ಸ್ಟಾರ್.

ಆಮೇಲೆ ಬ್ರಾಡ್‌ವ್ಯೂ ಪ್ರೆಸ್‌ನದ್ದು ತರಿಸಿದೆ, ಗ್ಯಾರಿ ಕೆಲ್ಲಿ ಸಂಪಾದಿಸಿದ್ದು, 1995ರದ್ದು. ಅಚ್ಚುಕಟ್ಟು. ಕಾಗದ ಚೆನ್ನಾಗಿದೆ, ಮುನ್ನುಡಿ ಉದ್ದ ಇದೆ, ಮೊದಲು ಕಾದಂಬರಿ ಓದಿ ಆಮೇಲೆ ಅದಕ್ಕೆ ಬನ್ನಿ.

ಕಾದಂಬರಿ ಬಗ್ಗೆ ನಿಜ ಹೇಳ್ಬೇಕಂದ್ರೆ ಅರ್ಧ ಭಾಗ ಬೋರು. ಇಬ್ಬರು ಗಂಡಸರು ಪ್ರಯಾಣ ಹೋಗ್ತಾ ಗಾಡಿ ಕೆಟ್ಟು ಒಂದು ದೊಡ್ಡ ಬಂಗಲೆ ಹತ್ರ ಸಿಕ್ಕಿಹಾಕ್ಕೊಳ್ತಾರೆ, ಅಲ್ಲಿ ಹೆಂಗಸರೇ ಸೇರಿ ಬದುಕ್ತಿದಾರೆ, ಆಸ್ತಿ ಒಟ್ಟಾಕ್ಕೊಂಡು ಶಾಲೆ ನಡೆಸ್ತಾರೆ, ಮುದುಕೀರಿಗೆ ಮನೆ ಕೊಟ್ಟಿದಾರೆ, ಕಾರ್ಪೆಟ್ ನೇಯೋ ಕಾರ್ಖಾನೆ ಬೇರೆ ಇದೆ. ಗಂಡಸರು ಪೇಜುಗಟ್ಟಲೆ ಆಹಾ ಅಂತ ಹೊಗಳ್ತಾ ನಡೀತಾರೆ, ನಂಗೆ ಆಕಳಿಕೆ. ಆದ್ರೆ ಒಳಕಥೆಗಳು ಶುರುವಾಗತ್ತೆ ನೋಡಿ, ಅದರಲ್ಲಿ ಮೊದಲನೇದೇ ಮಿಸ್ ಮೆಲ್ವಿನ್ ಮತ್ತೆ ಲೂಯಿಸಾ ಮ್ಯಾನ್ಸೆಲ್‌ದು. ಬೋರ್ಡಿಂಗ್ ಶಾಲೇಲಿ ಚಿಕ್ಕವಳಾದ ಲೂಯಿಸಾನ ಮೆಲ್ವಿನ್ ತನ್ನ ರೆಕ್ಕೆ ಕೆಳಗೆ ತಗೊಳ್ತಾಳೆ, ಬೆಳೀತಾ ಬೆಳೀತಾ ಒಬ್ಬರನ್ನೊಬ್ಬರು ಬಿಟ್ಟು ಇರಲಾರದ ಹಾಗಾಗ್ತಾರೆ. ಮಲತಾಯಿ ಹೂಡಿದ ಸುಳ್ಳು ಅಪವಾದಕ್ಕೆ ಹೆದರಿ ಮೆಲ್ವಿನ್ ಮಿಸ್ಟರ್ ಮಾರ್ಗನ್ ಅನ್ನೋ ಮುದುಕ ಒರಟನ್ನ ಮದುವೆ ಆಗ್ಬೇಕಾಗತ್ತೆ. ಮದುವೆ ಆದ ತಕ್ಷಣ ಲೂಯಿಸಾನ ಮನೇಲಿ ಇಟ್ಕೊಳ್ಳೋ ಮಾತೆತ್ತಿದ್ರೆ ಅವನು ಹೇಳೋದೇನು ಗೊತ್ತಾ, ಮನೆಗೆ ಜನ ಬಂದು ಹೋಗ್ಲಿ ಬೇಡ ಅನ್ನಲ್ಲ, ಆದ್ರೆ ನನ್ನ ಹೆಂಡತಿಗೆ ನನ್ನ ಬಿಟ್ಟು ಬೇರೆ ಜೀವದ ಗೆಳತಿ ಇರಕೂಡದು, ನೀವಿಬ್ಬರು ಕೂತು ನನ್ನ ಐಬು ಎತ್ತಿ ಆಡೋದು ನಂಗೆ ಬೇಕಿಲ್ಲ. ಅಲ್ಲಿಗೆ ಇಬ್ಬರೂ ಬೇರೆ. ಇಡೀ ಕಾದಂಬರೀಲಿ ಗಂಡ ಹೆಂಡ್ತಿ ಬೇರೆಯಾದ್ರು ಅನ್ನೋ ದುಃಖ ಇಲ್ಲ, ಗಂಡ ಬಂದು ಇಬ್ಬರು ಹೆಂಗಸರನ್ನ ಬೇರೆ ಮಾಡ್ದ ಅನ್ನೋದೇ ದುಃಖ. ಅವನು ಸತ್ತ ಮೇಲೇನೇ ಇಬ್ಬರೂ ಮತ್ತೆ ಒಂದಾಗಿ ಆ ಬಂಗಲೆ ಕೊಳ್ಳೋದು. ಗಂಡನ ಸಾವು ಶುಭಂ ಆಗೋ ಕಥೆ ಆ ಕಾಲದಲ್ಲಿ ಧೈರ್ಯವಾಗಿ, ಅದೂ ಇಷ್ಟು ಸಂಭಾವಿತ ಭಾಷೇಲಿ ಬರೆದಿದಾಳಲ್ಲ ಅಂತ ಮೆಚ್ಚಬೇಕು. ಪುಸ್ತಕದಲ್ಲಿ ಲೇಖಕಿ ಹೆಸರಿರ್ಲಿಲ್ಲ, ಪ್ರವಾಸದಲ್ಲಿದ್ದ ಒಬ್ಬ ಜಂಟಲ್‌ಮನ್ ಬರೆದದ್ದು ಅಂತ ಹಾಕ್ಕೊಂಡಿದ್ಲು.

ಸಾರಾ ಸ್ಕಾಟ್ ಕಥೆ ಗೊತ್ತಾದ್ರೆ ಇದು ಇನ್ನೂ ಚುಚ್ಚತ್ತೆ. 1751ರಲ್ಲಿ ಮದುವೆ ಆದ್ಲು, ವರ್ಷ ಕಳೆಯೋದ್ರೊಳಗೆ ತವರಿನೋರು ಬಂದು ಗಂಡನ ಮನೆಯಿಂದ ಕರ್ಕೊಂಡು ಹೋದ್ರು. ಆಮೇಲೆ ಲೇಡಿ ಬಾರ್ಬರಾ ಮಾಂಟಗು ಅನ್ನೋ ಗೆಳತಿ ಜೊತೆ ಬಾತ್‌ನಲ್ಲಿ, ಪಕ್ಕದ ಬಾತೀಸ್ಟನ್ನಲ್ಲಿ ಸಂಸಾರ ಮಾಡಿದ್ಲು, ಸಂಸಾರ ಅಂತಾನೇ ಅಂತೀನಿ, ಒಂದೇ ಮನೆ, ಒಂದೇ ಖರ್ಚು, ಬಡ ಹುಡುಗೀರಿಗೆ ಪಾಠ. 1765ರಲ್ಲಿ ಬಾರ್ಬರಾ ತೀರಿಹೋಗೋವರೆಗೂ. ಅವರ ನಡುವೆ ಮೈಯ ಸಂಬಂಧ ಇತ್ತಾ ಅಂತ ಕೇಳೋರು ಇದ್ದೇ ಇರ್ತಾರೆ, ವಿದ್ವಾಂಸರೂ ಇದೇ ಜಗಳ ಆಡಿದಾರೆ. ಲಿಲಿಯನ್ ಫೇಡರ್ಮನ್ 1981ರಲ್ಲಿ ಇವೆಲ್ಲ ಹೆಚ್ಚಾಗಿ ರೊಮ್ಯಾಂಟಿಕ್ ಫ್ರೆಂಡ್‌ಶಿಪ್, ಹಾಸಿಗೆವರೆಗೂ ಹೋಗಿರ್ಲಿಕ್ಕಿಲ್ಲ ಅನ್ನೋ ಥರ ವಾದ ಮಾಡಿದ್ರು, 1993ರಲ್ಲಿ ಎಮ್ಮಾ ಡೊನಹ್ಯೂ ಮತ್ತೆ ಟೆರಿ ಕ್ಯಾಸಲ್ ಇಬ್ಬರೂ ಬೇರೆ ಬೇರೆ ಪುಸ್ತಕದಲ್ಲಿ, ಇಲ್ಲ ಇಲ್ಲ, ಆ ಕಾಲದ ಜನಕ್ಕೆ ಎಲ್ಲ ಗೊತ್ತಿತ್ತು ಅಂದ್ರು. ಹ್ಯಾಲಿಫ್ಯಾಕ್ಸ್‌ನ ಆನ್ ಲಿಸ್ಟರ್ ಹತ್ತೊಂಬತ್ತನೇ ಶತಮಾನದ ಶುರುವಲ್ಲಿ ಗುಪ್ತ ಲಿಪೀಲಿ ಬರೆದಿಟ್ಟ ಡೈರಿ 1988ರಲ್ಲಿ ಅಚ್ಚಾದ ಮೇಲೆ ಹಾಸಿಗೆವರೆಗೂ ಹೋಗಿರ್ಲಿಕ್ಕಿಲ್ಲ ಅನ್ನೋದು ಎಲ್ಲರ ವಿಷಯಕ್ಕೂ ಹೇಳೋಕೆ ಆಗದ ಮಾತಾಯ್ತು. ನನ್ನ ಮಟ್ಟಿಗೆ, ಮಾರ್ಗನ್‌ಗೆ ಹೊಟ್ಟೆಕಿಚ್ಚು ಬರೋಕೆ ಹಾಸಿಗೆ ಸಾಕ್ಷಿ ಬೇಕಾಗಿರ್ಲಿಲ್ಲ, ನಂಗ್ಯಾಕೆ ಬೇಕು? ಬ್ರಾಡ್‌ವ್ಯೂ ಕಾಪಿಗೆ 4 ಸ್ಟಾರ್, ಕಾರ್ಪೆಟ್ ಕಾರ್ಖಾನೆ ಪೇಜುಗಳಿಗೆ ಒಂದು ಕಟ್.

ಜಾನ್ ಕ್ಲೀಲ್ಯಾಂಡ್‌ನ ಫ್ಯಾನಿ ಹಿಲ್ ಬಗ್ಗೆ ಕೇಳೇ ಕೇಳ್ತೀರ, ಎಲ್ಲ ಲಿಸ್ಟಲ್ಲೂ ಅದೇ ಮೊದಲು ಬರೋದು. 1748-49ರಲ್ಲಿ ಸಾಲಕ್ಕೆ ಜೈಲಲ್ಲಿದ್ದಾಗ ಬರೆದದ್ದು. ಆಡಿಯೋ ತಗೊಂಡೆ, ಓದಿದಾಕೆ ಪ್ರತಿ ವಾಕ್ಯಕ್ಕೂ ಕಣ್ಣು ಹೊಡೆದಂಗೆ ಓದ್ತಾಳೆ, ತಡ್ಕೊಳ್ಳೋಕಾಗ್ಲಿಲ್ಲ. ಪುಸ್ತಕಾನೂ ಅಷ್ಟೆ. ಅಲ್ಲಿರೋದು ಸೂಳೆಮನೆಯ ಕೆಲಸದೋಳು ಇನ್ನೂ ಹುಡುಗಿ ಆಗಿರೋಳನ್ನ ದಂಧೆಗೆ ಪಳಗಿಸೋದು, ಇದನ್ನ ಹೆಣ್ಣು ಹೆಣ್ಣಿನ ಪ್ರೀತಿ ಅಂತ ಲಿಸ್ಟಿಗೆ ಹಾಕಿದೋರು ಪುಸ್ತಕ ತೆಗೆದು ನೋಡಿಲ್ಲ ಅನ್ಸತ್ತೆ. ಆಮೇಲೆ ಹೀರೋ ಬಂದ ತಕ್ಷಣ ಅದೆಲ್ಲ ಹುಡುಗಾಟ, ಅಸಲಿ ಊಟ ಇನ್ಮೇಲೆ ಅನ್ನೋ ಧಾಟಿ. ಅರ್ಧಕ್ಕೆ ನಿಲ್ಸಿ ರಿಟರ್ನ್ ಮಾಡಿದೆ, ಅದಕ್ಕೆ ಸ್ಟಾರ್ ಕೊಡಲ್ಲ.

ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ನ ಮೇರಿ, 1788. ಪುಟ್ಟದು, ಇಬುಕ್ ಫ್ರೀ, ಎರಡು ಸಂಜೆ ಸಾಕು. ಕಥಾನಾಯಕಿ ಮೇರಿಗೆ ಗೆಳತಿ ಆನ್ ಮೇಲಿನ ಸ್ನೇಹ ಮೋಹದ ಹಾಗೇ ಇತ್ತು ಅಂತ ಲೇಖಕೀನೇ ನೇರ ಬರೀತಾಳೆ, ಹುಡುಕೋ ಕಷ್ಟವೇ ಇಲ್ಲ. ಕಾಯಿಲೆ ಬಿದ್ದ ಆನ್‌ನ ಕರ್ಕೊಂಡು ಲಿಸ್ಬನ್‌ಗೆ ಹೋಗ್ತಾಳೆ, ಆನ್ ಅಲ್ಲೇ ಸಾಯ್ತಾಳೆ. ವುಲ್‌ಸ್ಟನ್‌ಕ್ರಾಫ್ಟ್‌ನ ಜೀವದ ಗೆಳತಿ ಫ್ಯಾನಿ ಬ್ಲಡ್ ಕೂಡ 1785ರಲ್ಲಿ ಲಿಸ್ಬನ್ನಲ್ಲೇ ಹೆರಿಗೆ ಆದ ಮೇಲೆ ತೀರಿಹೋಗಿದ್ದು, ವುಲ್‌ಸ್ಟನ್‌ಕ್ರಾಫ್ಟ್ ಅವಳ ಹತ್ರ ಇರೋಕೆ ಅಂತ ಇಂಗ್ಲೆಂಡಿಂದ ಹಡಗು ಹತ್ತಿ ಹೋಗಿದ್ಲು. ಬರವಣಿಗೆ ಒರಟು, ಕೆಲವು ಅಧ್ಯಾಯ ಅವಸರದಲ್ಲಿ ಗೀಚಿದ ಹಾಗಿದೆ, ಆದ್ರೆ ಕೊನೇ ಸಾಲಲ್ಲಿ ಮೇರಿ ಮದುವೆ ಆಗೋದೂ ಮದುವೆ ಮಾಡಿಕೊಡೋದೂ ಇಲ್ಲದ ಲೋಕಕ್ಕೆ ಹೊರಟಿದೀನಿ ಅಂತ ಖುಷಿ ಪಡೋದು ಸುಮಾರು ದಿನ ತಲೇಲಿ ಕೂತಿತ್ತು. 4 ಸ್ಟಾರ್.

ಕೊನೇದು ಮರಾಯಾ ಎಡ್ಜ್‌ವರ್ತ್‌ನ ಬೆಲಿಂಡಾ, 1801. ಓದೋ ಮಜಾಕ್ಕೆ ಈ ರಾಶೀಲಿ ಇದೇ ಫಸ್ಟ್. ಲೇಡಿ ಡೆಲಕೋರ್ ಅಂತ ಒಬ್ಬಳು ಶ್ರೀಮಂತ ಬಜಾರಿ, ಅವಳನ್ನ ಕೆಡಿಸೋ ಗೆಳತಿ ಹ್ಯಾರಿಯಟ್ ಫ್ರೀಕ್, ಪ್ಯಾಂಟು ಹಾಕ್ಕೊಂಡು ತಿರುಗ್ತಾಳೆ, ಆಣೆ ಇಡ್ತಾಳೆ, ಬೇಟೆ ಆಡ್ತಾಳೆ. ಇವಳ ಕುಮ್ಮಕ್ಕಿಂದ ಲೇಡಿ ಡೆಲಕೋರ್ ಗಂಡಸಿನ ವೇಷದಲ್ಲಿ ಇನ್ನೊಬ್ಬ ಹೆಂಗಸಿನ ಜೊತೆ ಪಿಸ್ತೂಲ್ ಡ್ಯುಯೆಲ್‌ಗೆ ಹೋಗಿ, ಮದ್ದು ಜಾಸ್ತಿ ತುಂಬಿದ್ದ ತನ್ನ ಪಿಸ್ತೂಲೇ ಒದ್ದು ಎದೆಗೆ ಗಾಯ ಮಾಡ್ಕೊಳ್ತಾಳೆ, ಅದನ್ನ ಕ್ಯಾನ್ಸರ್ ಅಂದ್ಕೊಂಡು ವರ್ಷಗಟ್ಟಲೆ ಮುಚ್ಚಿಡ್ತಾಳೆ. ಅಷ್ಟರಲ್ಲಿ ಫ್ರೀಕ್ ಇವಳನ್ನ ಬಿಟ್ಟು ಅದೇ ವೈರಿ ಹೆಂಗಸಿನ ಜೊತೆ ಸೇರ್ಕೊಂಡ್ಬಿಡ್ತಾಳೆ. ಲೇಡಿ ಡೆಲಕೋರ್ ಆ ದ್ರೋಹದ ಬಗ್ಗೆ ಮಾತಾಡೋ ಧಾಟಿ ಕೇಳಿ, ಗಂಡನ ಬಗ್ಗೆ ಅವಳಿಗೆ ಅದರಲ್ಲಿ ಕಾಲು ಭಾಗ ಸಿಟ್ಟೂ ಇಲ್ಲ. ಕೊನೆಗೆ ಫ್ರೀಕ್‌ಗೆ ಎಡ್ಜ್‌ವರ್ತ್ ಕೊಡೋ ಶಿಕ್ಷೆ ನೋಡಿ, ಕಳ್ಳರನ್ನ ಹಿಡಿಯೋಕೆ ತೋಟದಲ್ಲಿಟ್ಟ ಕಬ್ಬಿಣದ ಬೋನಿಗೆ ಅವಳ ಕಾಲು ಸಿಕ್ಕಿ ಜಜ್ಜಿ ಹೋಗತ್ತೆ, ಇನ್ಮೇಲೆ ಗಂಡಸಿನ ಬಟ್ಟೆ ಅವಳಿಗೆ ಒಪ್ಪಲ್ಲ ಅಂತ ಟಿಪ್ಪಣಿ ಬೇರೆ. ಐವತ್ತು ವರ್ಷ ಹಿಂದೆ ಬಾರ್ನೆವೆಲ್ಟ್‌ನ ನೋಡಿ ನಕ್ಕು ಸುಮ್ನಾಗಿದ್ರು, ಈಗ ಕಾಲು ಮುರೀತಾರೆ. ನಡುವೆ ಗಾಳಿ ಬದಲಾಗಿತ್ತು. 1790ರಲ್ಲಿ ಲಂಡನ್ನಿನ ಪತ್ರಿಕೆ, ವೇಲ್ಸ್‌ನ ಲ್ಯಾಂಗೊಲನ್‌ನಲ್ಲಿ ಒಟ್ಟಿಗೆ ಮನೆ ಮಾಡ್ಕೊಂಡಿದ್ದ ಗೆಳತೀರು ಎಲೆನರ್ ಬಟ್ಲರ್ ಮತ್ತೆ ಸಾರಾ ಪಾನ್ಸನ್‌ಬಿ ಬಗ್ಗೆ ಕುಹಕದ ವರದಿ ಹಾಕಿತ್ತು, ಬಟ್ಲರ್‌ನ ಗಂಡಸಿನಂಥ ಹೆಂಗಸು ಅಂತ ಚಿತ್ರಿಸಿ, ಅವರು ಕೇಸ್ ಹಾಕಬಹುದಾ ಅಂತ ರಾಜಕಾರಣಿ ಎಡ್ಮಂಡ್ ಬರ್ಕ್‌ನ ಸಲಹೆ ಕೇಳೋ ಮಟ್ಟಕ್ಕೆ ಹೋಗಿತ್ತು.

ಬೆಲಿಂಡಾ ಕೊಳ್ಳೋರು ಒಂದು ಎಚ್ಚರ. 1810ರಲ್ಲಿ ಎಡ್ಜ್‌ವರ್ತ್ ತಾನೇ ಪುಸ್ತಕ ತಿದ್ದಿದ್ಲು, ಜೂಬಾ ಅನ್ನೋ ಕಪ್ಪು ಆಳು ಇಂಗ್ಲಿಷ್ ಹುಡುಗೀನ ಮದುವೆ ಆಗೋದನ್ನ ತೆಗೆದು ಹಾಕಿದ್ಲು. ಈಗ ಮಾರ್ಕೆಟ್ಟಲ್ಲಿರೋ ಕಾಪಿಗಳಲ್ಲಿ ಕೆಲವು ಮೊದಲಿನ ಪಠ್ಯ, ಕೆಲವು ತಿದ್ದಿದ್ದು, ತಗೊಳ್ಳೋ ಮುಂಚೆ ಒಳಪುಟದಲ್ಲಿ ಯಾವ ವರ್ಷದ ಪಠ್ಯ ಅಂತ ನೋಡ್ಕೊಳ್ಳಿ. ಬರೆದಿಲ್ಲ ಅಂದ್ರೆ ವಾಪಸ್ ಇಡಿ. ಕಾದಂಬರಿಗೆ 5, ಬೋನಿಗೆ ಮೈನಸ್.

ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರಿಗೆ, ಎಲೈಜಾ ಹೇವುಡ್ ಬರೆದ ದಿ ಬ್ರಿಟಿಷ್ ರೆಕ್ಲೂಸ್, 1722. ಒಂದೇ ಕೂತ್ನಲ್ಲಿ ಮುಗಿಯತ್ತೆ. ಇಬ್ಬರು ಹೆಂಗಸರು ಒಂದು ಲಾಡ್ಜಿಂಗ್ ಮನೇಲಿ ಭೇಟಿ ಆಗಿ ತಮ್ಮ ತಮ್ಮ ಪ್ರೇಮದ ಗೋಳು ಹೇಳ್ಕೊಳ್ತಾರೆ, ಹೇಳ್ತಾ ಹೇಳ್ತಾ ಇಬ್ಬರಿಗೂ ಕೈಕೊಟ್ಟೋನು ಒಬ್ಬನೇ ಅಂತ ಗೊತ್ತಾಗತ್ತೆ. ಬೇರೆ ಯಾರಾದ್ರೂ ಆಗಿದ್ರೆ ಜುಟ್ಟು ಹಿಡ್ಕೊಂಡು ಜಗಳ ಬರೆಸ್ತಿದ್ರು. ಇವರು ಲಂಡನ್ನಿಂದ ಎಪ್ಪತ್ತು ಮೈಲಿ ದೂರ ಒಂದು ಮನೆ ಹಿಡಿದು ಇಬ್ಬರೇ ನೆಮ್ಮದಿಯಾಗಿ ಇದ್ಬಿಡ್ತಾರೆ. ಆನಾ ಹೌ ಕೇಳಿ ಸಿಗದೇ ಹೋದದ್ದು, ಇಪ್ಪತ್ತೈದು ವರ್ಷ ಮುಂಚೆ, ಸಣ್ಣ ಪುಸ್ತಕದಲ್ಲಿ.

ಅಪ್‌ಡೇಟ್: ಸಂಕ್ಷಿಪ್ತ ಕ್ಲಾರಿಸ್ಸಾನ ಎಸೆದಿಲ್ಲ. ಪೂರ್ತಿ ಪುಸ್ತಕ ಎರಡನೇ ಸಲ ಓದ್ತಾ, ಸಂಕ್ಷಿಪ್ತದಲ್ಲಿ ಬಿಟ್ಟಿರೋ ಆನಾಳ ಪತ್ರಗಳ ನಂಬರ್‌ಗಳನ್ನ ಅದರ ಮಾರ್ಜಿನ್ನಲ್ಲಿ ಪೆನ್ಸಿಲಲ್ಲಿ ಬರೀತಿದೀನಿ. ಇನ್ನೂ ಮೂರನೇ ಸಂಪುಟದ ಹತ್ರ ಇದೀನಿ, ಮಾರ್ಜಿನ್ ಆಗ್ಲೇ ತುಂಬಿ ಹೋಗಿದೆ.